ತೊಗರಿಯ ವಂಶವಾಹಿ ಪಟ್ಟಿ

ಉದ್ದೇಶ: ಆರ್‌ಎನ್‌ಎ ಎಣಿಕೆಯ ಫಲಿತಾಂಶವು ವಂಶವಾಹಿಗಳ ಪಟ್ಟಿ ಎಷ್ಟು ಸರಿಯಾಗಿದೆ ಎಂಬುದನ್ನು ಅವಲಂಬಿಸುತ್ತದೆ ಎಂದು ಪರಿಚಿತ ಬೆಳೆಯ ಮೂಲಕ ಗ್ರಹಿಸುವುದು.

ಹಿನ್ನೆಲೆ: ಜಹೀರಾಬಾದ್, ನಾರಾಯಣಖೇಡ ಮತ್ತು ತಾಂಡೂರು ಭಾಗದ ಮಕ್ಕಳು ತೊಗರಿಯನ್ನು ಹೊಲದಲ್ಲಿಯೂ ಊಟದಲ್ಲಿಯೂ ಬಲ್ಲರು. ತಾಂಡೂರಿನ ತೊಗರಿಗೆ 2022ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ದೊರೆಯಿತು. ಜಹೀರಾಬಾದಿನಿಂದ ಹೈದರಾಬಾದಿಗೆ ಹೋಗುವ ದಾರಿಯಲ್ಲಿ ಪಟಾನ್‌ಚೆರು ಇದೆ. ಅಲ್ಲಿಯ ಇಕ್ರಿಸ್ಯಾಟ್ ಸಂಸ್ಥೆಯ ನೇತೃತ್ವದ ತಂಡವು 2011ರಲ್ಲಿ ‘ಆಶಾ’ ಎಂಬ ತೊಗರಿ ತಳಿಯ ಡಿಎನ್‌ಎಯನ್ನು ಓದಿ ಪ್ರಕಟಿಸಿತು. ಸುಮಾರು 83 ಕೋಟಿ ಅಕ್ಷರಗಳಲ್ಲಿ 60 ಕೋಟಿಯಷ್ಟನ್ನು ಜೋಡಿಸಿ, 48,680 ವಂಶವಾಹಿಗಳನ್ನು ಗುರುತಿಸಿತು. ಅದೇ ಕಾಲದಲ್ಲಿ ಅದೇ ತಳಿಯನ್ನು ಓದಿದ ಭಾರತೀಯ ಕೃಷಿ ಅನುಸಂಧಾನ ಪರಿಷತ್ತಿನ ವಿಜ್ಞಾನಿಗಳ ಪಟ್ಟಿಯಲ್ಲಿ 47,004 ವಂಶವಾಹಿಗಳಿದ್ದವು. ತಳಿ ಒಂದೇ ಆದರೂ ಸಂಖ್ಯೆಗಳು ಎರಡು. ವಂಶವಾಹಿ ಎಲ್ಲಿ ಆರಂಭವಾಗಿ ಎಲ್ಲಿ ಮುಗಿಯುತ್ತದೆಂದು ಗಣಕಯಂತ್ರವು ಮೊದಲು ಅಂದಾಜು ಮಾಡುತ್ತದೆ. ಜೋಡಿಸಿದ ಭಾಗವೂ ಅಂದಾಜಿನ ನಿಯಮವೂ ಬೇರೆಯಾದಂತೆ ಪಟ್ಟಿಯೂ ಬೇರೆಯಾಗುತ್ತದೆ.

ವಿವರಣೆ: ಸಸ್ಯದ ಯಾವ ಅಂಗದಲ್ಲಿ ಯಾವ ವಂಶವಾಹಿ ಕೆಲಸ ಮಾಡುತ್ತಿದೆ ಎಂದು ತಿಳಿಯಲು ಅಲ್ಲಿಯ ಆರ್‌ಎನ್‌ಎ ತುಣುಕುಗಳನ್ನು ಓದಿ, ಪ್ರತಿ ವಂಶವಾಹಿಯ ಹೆಸರಿನ ಮುಂದೆ ಎಣಿಸುತ್ತಾರೆ. ಇದು ಹಾಜರಿ ಪುಸ್ತಕದಂತೆ. ಮಗು ತರಗತಿಯಲ್ಲಿ ಕುಳಿತಿದ್ದರೂ ಪುಸ್ತಕದಲ್ಲಿ ಹೆಸರಿಲ್ಲದಿದ್ದರೆ ಲೆಕ್ಕಕ್ಕೆ ಸಿಗುವುದಿಲ್ಲ. ನೆಟೆ ರೋಗವನ್ನು ತಡೆಯುವ ವಂಶವಾಹಿಯೊಂದು ಪಟ್ಟಿಯಿಂದ ಬಿಟ್ಟುಹೋಗಿದ್ದರೆ, ಅದರ ತುಣುಕುಗಳು ಸಾವಿರವಿದ್ದರೂ ಸಂಶೋಧಕನ ಕೋಷ್ಟಕದಲ್ಲಿ ಅದು ಕಾಣದು. ಒಂದು ವಂಶವಾಹಿಯನ್ನು ಎರಡಾಗಿ ಬರೆದಿದ್ದರೆ ಎಣಿಕೆ ಹಂಚಿಹೋಗುತ್ತದೆ.

ಪಟ್ಟಿಯನ್ನು ತಿದ್ದುವ ಸಾಕ್ಷ್ಯವೂ ಆರ್‌ಎನ್‌ಎಯಿಂದಲೇ ದೊರೆಯುತ್ತದೆ. ವಂಶವಾಹಿಯ ನಡುವಿನ ಇಂಟ್ರಾನ್ ಭಾಗಗಳನ್ನು ಜೀವಕೋಶವು ಕತ್ತರಿಸಿ, ಉಳಿದ ಎಕ್ಸಾನ್‌ಗಳನ್ನು ಬೆಸೆಯುತ್ತದೆ. ಬೆಸುಗೆಯನ್ನು ದಾಟಿದ ತುಣುಕು ಎಕ್ಸಾನ್‌ಗಳ ಗಡಿಯನ್ನು ತೋರಿಸುತ್ತದೆ. ಎಲ್ಲ ವಂಶವಾಹಿಗಳೂ ಎಲ್ಲ ಅಂಗಗಳಲ್ಲಿ ಕೆಲಸ ಮಾಡುವುದಿಲ್ಲವಾದ್ದರಿಂದ ಬೇರು, ಎಲೆ, ಹೂ, ಕಾಯಿ ಎಲ್ಲದರಿಂದಲೂ ಮಾದರಿ ಬೇಕು. 2017ರಲ್ಲಿ ಪ್ರಕಟವಾದ ‘ಆಶಾ’ ತಳಿಯ ಅಧ್ಯಯನವೊಂದರಲ್ಲಿ ಮೊಳಕೆಯಿಂದ ಮುಪ್ಪಿನವರೆಗಿನ 30 ಮಾದರಿಗಳ ಆರ್‌ಎನ್‌ಎಯನ್ನು ಓದಲಾಗಿದೆ.

ಚಟುವಟಿಕೆ: ಶಿಕ್ಷಕರು ಕಪ್ಪುಹಲಗೆಯ ಮೇಲೆ ‘ತೊಗರಿಬೇಳೆಕಪ್ಪುಮಣ್ಣುಸಾರು’ ಎಂದು ಬಿಡುವಿಲ್ಲದೆ ಬರೆಯಬೇಕು. ‘ತೊಗರಿಬೇಳೆ’, ‘ಸಾರು’ ಎಂಬ ಎರಡು ಹೆಸರುಗಳ ಪಟ್ಟಿಯನ್ನು ಪಕ್ಕದಲ್ಲಿ ಬರೆಯಬೇಕು. ಬಳಿಕ ‘ತೊಗರಿಬೇ’, ‘ಬೇಳೆಸಾರು’ ಎಂಬ ಚೀಟಿಗಳನ್ನು ಹಂಚಿ, ಅವು ಹಲಗೆಯಲ್ಲಿ ಎಲ್ಲಿ ಹೊಂದುತ್ತವೆಂದು ಕೇಳಬೇಕು. ಎರಡನೆಯ ಚೀಟಿ ‘ಕಪ್ಪುಮಣ್ಣು’ ದಾಟಿ ಹೊಂದುವುದನ್ನು ಮಕ್ಕಳೇ ಕಂಡುಕೊಂಡು ಪಟ್ಟಿಯನ್ನು ತಿದ್ದಲಿ.

ಪ್ರಶ್ನೆಗಳು:
1. ‘ಬೇಳೆಸಾರು’ ಚೀಟಿಯಿಂದ ಪಟ್ಟಿಯಲ್ಲಿ ಯಾವ ತಪ್ಪು ಗೊತ್ತಾಯಿತು?
2. ಹೂವಿನಲ್ಲಿ ಮಾತ್ರ ಕೆಲಸ ಮಾಡುವ ವಂಶವಾಹಿಗೆ ಎಲೆಯ ಮಾದರಿಯಲ್ಲಿ ಸಾಕ್ಷ್ಯ ಸಿಗುವುದೇ?
3. ಎಣಿಕೆ ಸೊನ್ನೆಯಾದರೆ ವಂಶವಾಹಿ ಕೆಲಸ ಮಾಡುತ್ತಿಲ್ಲವೆಂದು ಹೇಳುವ ಮೊದಲು ಏನನ್ನು ಪರೀಕ್ಷಿಸಬೇಕು?