ಇಂಜಿನ್ ನಿಂತರೂ ನಿಲ್ಲದ ಸದ್ದು

ತಮ್ಮಾ, ಜೂನ್ 1ಕ್ಕೆ ಬೋಟು ದಡ ಸೇರಿತು. ಮಳೆಗಾಲದ ಮೀನುಗಾರಿಕೆ ನಿಷೇಧ, ಜುಲೈ 31ರವರೆಗೆ ಕಡಲಿಗಿಳಿಯುವಂತಿಲ್ಲ. ಆದರೂ ರಾತ್ರಿ ಮಲಗಿದರೆ ಕಿವಿಯೊಳಗೆ ಇಂಜಿನ್ ಓಡುತ್ತಲೇ ಇದೆ ಅಂದೆಯಲ್ಲ, ಮೊನ್ನೆ ಕಾಸರಕೋಡ ಟೊಂಕದಲ್ಲಿ ಸಿಕ್ಕಾಗ. ಜೊತೆಯವರು ನಕ್ಕರು. ನನಗೆ ನಗು ಬರಲಿಲ್ಲ. ನಲ್ವತ್ತು ವರ್ಷ ಚೆಂಡೆಯ ಪಕ್ಕ ಮದ್ದಳೆ ಹಿಡಿದು ಕೂತವ ನಾನು. ಯಕ್ಷಗಾನದ ಆಟ ಮುಗಿಸಿ ಗುಣವಂತೆಯ ಮನೆಗೆ ಬಂದು ಮಲಗಿದರೆ ಜೀರುಂಡೆ ಕೂಗು. ಹಿತ್ತಿಲಿನದೇ ಇರಬೇಕೆಂದು ಬಾಗಿಲು ಹಾಕಿದೆ. ಇನ್ನೂ ಜೋರಾಯಿತು. ಕೂಗುತ್ತಿರುವುದು ನನ್ನ ಕಿವಿ ಎಂದು ಆಗ ತಿಳಿಯಿತು.

ಡಾಕ್ಟರು ಇದನ್ನು ಟಿನಿಟಸ್ ಅನ್ನುತ್ತಾರೆ. ಇದು ತಾನಾಗಿ ಒಂದು ರೋಗವಲ್ಲ, ಬೇರೆ ಯಾವುದೋ ತೊಂದರೆಯ ಲಕ್ಷಣ. ಒಳಕಿವಿಯಲ್ಲಿ ಸದ್ದು ಹಿಡಿಯುವ ಸೂಕ್ಷ್ಮ ರೋಮಕೋಶಗಳಿವೆ. ದೊಡ್ಡ ಸದ್ದಿಗೆ ಅವು ಸತ್ತರೆ ಮತ್ತೆ ಹುಟ್ಟುವುದಿಲ್ಲ. ಅಲ್ಲಿಂದ ಬರುವ ಸುದ್ದಿ ಕಡಿಮೆಯಾದಾಗ ಆ ಕೊರತೆಯನ್ನು ಮಿದುಳು ತಾನೇ ಗುಂಯ್‌ಗುಟ್ಟಿ ತುಂಬಿಕೊಳ್ಳುತ್ತದೆ. 85 ಡೆಸಿಬಲ್ ಸದ್ದಿನಲ್ಲಿ ದಿನಕ್ಕೆ 8 ತಾಸೇ ಮಿತಿ. ಮೂರು ಡೆಸಿಬಲ್ ಏರಿದರೆ ಆ ಮಿತಿ 4 ತಾಸಿಗೆ ಇಳಿಯುತ್ತದೆ. ಭಟ್ಕಳ ಬಂದರಿನ ಹುಡುಗರನ್ನೂ ನೋಡಿದ್ದೇನೆ: ಇಡೀ ದಿನ ಇಂಜಿನ್ ಪಕ್ಕ, ದಡಕ್ಕೆ ಬಂದ ಮೇಲೆ ಕಿವಿಗೆ ಇಯರ್‌ಫೋನು!

ಎಲ್ಲ ಸಲವೂ ಕಾರಣ ಅಷ್ಟು ದೊಡ್ಡದಲ್ಲ. ಗುಗ್ಗೆ ಕಟ್ಟಿದರೂ, ನೆಗಡಿಯಾದರೂ, ಕೆಲವು ಮಾತ್ರೆಗಳಿಂದಲೂ ಹೀಗಾಗುತ್ತದೆ. ಹಾಗೆಂದು ಮಾತ್ರೆಯನ್ನು ನೀನೇ ನಿಲ್ಲಿಸಬೇಡ, ಕೊಟ್ಟ ಡಾಕ್ಟರನ್ನು ಕೇಳು. ಬೆಳ್ಳುಳ್ಳಿ ಕಾಯಿಸಿದ ಎಣ್ಣೆ ಬಿಡುವುದು, ಪಿನ್ನು ಹಾಕಿ ಕೆರೆಯುವುದು ಮಾತ್ರ ಬೇಡವೇ ಬೇಡ. ಕಿವಿಯ ತಮಟೆಯಲ್ಲಿ ತೂತಿದ್ದರೆ ಎಣ್ಣೆ ನೇರ ಒಳಗಿಳಿಯುತ್ತದೆ.

ಸದ್ದು ಒಂದೇ ಕಿವಿಯಲ್ಲಿದ್ದರೆ, ನಾಡಿಯ ಬಡಿತಕ್ಕೆ ಸರಿಯಾಗಿ ಬಡಿಯುತ್ತಿದ್ದರೆ, ಕೇಳಿಸುವುದು ಮಂದವಾದರೆ, ಕಿವಿ ಸೋರಿದರೆ, ತಲೆ ತಿರುಗಿದರೆ, ವಾರ ಕಳೆದರೂ ನಿಲ್ಲದಿದ್ದರೆ ಕಿವಿ-ಮೂಗು-ಗಂಟಲಿನ ಡಾಕ್ಟರಿಗೆ ತೋರಿಸು. ನಿದ್ದೆ ಕೆಟ್ಟು ಮನಸ್ಸು ಕುಸಿಯುತ್ತಿದ್ದರೆ ಅದನ್ನೂ ಮುಚ್ಚಿಡದೆ ಹೇಳು. ಇದ್ದಕ್ಕಿದ್ದಂತೆ ಒಂದು ಕಿವಿ ಕೇಳಿಸದೇ ಹೋದರೆ, ಮುಖ ಸೊಟ್ಟಗಾದರೆ, ತಲೆಗೆ ಪೆಟ್ಟಾದ ಮೇಲೆ ಶುರುವಾದರೆ ಅದೇ ದಿನ ಹೊರಡು. ಹಬ್ಬ ಮುಗಿಯಲಿ, ಮಳೆ ನಿಲ್ಲಲಿ ಎಂದು ಕೂರಬೇಡ. ಹಠಾತ್ ಕಿವುಡಿಗೆ ಮೊದಲ ದಿನಗಳಲ್ಲೇ ಮದ್ದು ಸಿಕ್ಕರೆ ಕೇಳಿಕೆ ಮರಳುವ ಆಸೆ ಹೆಚ್ಚು. ತಾಲೂಕು ಆಸ್ಪತ್ರೆಯಲ್ಲಿ ಆಗದಿದ್ದರೆ ಕಾರವಾರದ ಮೆಡಿಕಲ್ ಕಾಲೇಜಿದೆ, ಮಣಿಪಾಲವಿದೆ.

ಸದ್ದನ್ನು ಪೂರ್ತಿ ಅಡಗಿಸುವ ಮಾತ್ರೆ ಇಲ್ಲ, ಸುಳ್ಳು ಹೇಳಲಾರೆ. ಆದರೆ ಅದಕ್ಕೆ ಹೊಂದಿಕೊಳ್ಳುವುದನ್ನು ಮಿದುಳು ಕಲಿಯುತ್ತದೆ. ನನಗೆ ಹಗಲು ಕಿವಿಯಂತ್ರ, ರಾತ್ರಿ ಫ್ಯಾನಿನ ಸದ್ದು ಸಾಕಾಗಿದೆ.

ಆಗಸ್ಟಿನಲ್ಲಿ ಬೋಟು ಹೊರಡುವ ಮೊದಲು ಬಲೆ ಸರಿಮಾಡುತ್ತೀಯಲ್ಲ, ಕಿವಿಯನ್ನೂ ಪರೀಕ್ಷೆ ಮಾಡಿಸು. ಇಂಜಿನ್ ಪಕ್ಕ ನಿಲ್ಲುವಾಗ ಕಿವಿ ಮುಚ್ಚುವ ಸಾಧನ ಹಾಕಿಕೋ. ಪರೀಕ್ಷೆಗೆಂದು ಕುಮಟೆಗೆ ಹೋಗುವ ದಿನ ಹೇಳು, ನಾನೂ ಬರುತ್ತೇನೆ. ನನ್ನ ಯಂತ್ರದ ಸೆಲ್ಲು ಮುಗಿದಿದೆ. ಫೋನು ಮಾಡಿದರೆ ಕೇಳಿಸಲಿಕ್ಕಿಲ್ಲ, ಮನೆಗೇ ಬಾ.