ಭಕ್ತರಿಲ್ಲದ ಕಟ್ಟಡಗಳ ಸಂರಕ್ಷಣೆ: ಗುಬ್ಬಿಯ ಮಿಷನ್ ಮನೆಯ ನೆಲೆಯಲ್ಲಿ

ಧರ್ಮಸ್ಥಳ ಮಂಜುನಾಥೇಶ್ವರ ಧರ್ಮೋತ್ಥಾನ ಟ್ರಸ್ಟ್ 1991ರಿಂದ ನಡೆಸುತ್ತ ಬಂದಿರುವ ದೇವಾಲಯಗಳ ಜೀರ್ಣೋದ್ಧಾರದಲ್ಲಿ ವೆಚ್ಚದ ಶೇ. 40 ಸರ್ಕಾರದ್ದು, ಶೇ. 40 ಟ್ರಸ್ಟಿನದು, ಉಳಿದ ಶೇ. 20 ಊರವರದು. ಊರವರ ಪಾಲು ಚಿಕ್ಕದಾದರೂ ನಿರ್ಣಾಯಕವಾದುದು. ದುರಸ್ತಿಯ ನಂತರ ಕಟ್ಟಡವನ್ನು ಕಾಯಬೇಕಾದವರು ಅವರೇ.

ಆದರೆ ವಸಾಹತುಕಾಲದ ಮನೆಗೆ ಭಕ್ತರಿಲ್ಲ. ಅಲ್ಲಿ ಊರವರ ಪಾಲು ಯಾವ ಸಂಬಂಧದಿಂದ ಹುಟ್ಟಬೇಕು? ಗುಬ್ಬಿಯ ಚರಿತ್ರೆ ಇದಕ್ಕೊಂದು ಉತ್ತರವನ್ನು ಸೂಚಿಸುತ್ತದೆ. 1839ರಲ್ಲಿ ಭಾರತಕ್ಕೆ ಬಂದು ಗುಬ್ಬಿಯಲ್ಲಿ ನೆಲೆಸಿದ ವೆಸ್ಲಿಯನ್ ಮಿಷನರಿ ವಿಲಿಯಂ ಆರ್ಥರ್ ಕನ್ನಡ ಕಲಿತರು. ಮೈಸೂರು ಸೀಮೆಯ ಅನುಭವಗಳನ್ನು 1847ರಲ್ಲಿ ಗ್ರಂಥರೂಪದಲ್ಲಿ ಪ್ರಕಟಿಸಿದರು. ಹೀಗೆ ಮತಪ್ರಚಾರದ ಮನೆ ಭಾಷಾಸಂಪರ್ಕದ ನೆಲೆಯೂ ಆಗಿತ್ತು. ಆ ಸಂಪರ್ಕದಲ್ಲಿ ಸ್ಥಳೀಯರ ಪಾತ್ರವೇನೆಂಬುದನ್ನು ದಾಖಲಿಸುವುದು ಕನ್ನಡ ವಿಭಾಗಗಳ ಹೊಣೆ. ಅನುದಾನದ ಅರ್ಜಿಗೆ ಮೊದಲು ಆಗಬೇಕಾದ ಕೆಲಸವಿದು.