ಯಂತ್ರದ ತಪ್ಪಿಗೆ ಯಾವ ಹೆಸರು?

ಕನಕಪುರ ತಾಲ್ಲೂಕಿನ ಕಬ್ಬಾಳು ಸುತ್ತಿನ ರೇಷ್ಮೆ ಬೆಳೆಗಾರರಿಗೆ ಒಂದು ವಿಷಯ ಹೊಸದಾಗಿ ಹೇಳಬೇಕಾಗಿಲ್ಲ. ಹಿಪ್ಪುನೇರಳೆಗೆ ಔಷಧಿ ಹೊಡೆದ ಮೇಲೆ ಗೊತ್ತಾದಷ್ಟು ದಿನ ಕಳೆಯದೆ ಸೊಪ್ಪು ಕೊಯ್ದರೆ ಹುಳು ಉಳಿಯುವುದಿಲ್ಲ. ಆ ದಿನ ಎಷ್ಟೆಂದು ಮೊಬೈಲಿನಲ್ಲಿರುವ ಕೃತಕ ಬುದ್ಧಿಮತ್ತೆಯನ್ನು ಕೇಳಿದರೆ ಅದು ತಡವರಿಸದೆ ಒಂದು ಅಂಕಿ ಹೇಳುತ್ತದೆ. ಅಂಕಿ ತಪ್ಪಿದ್ದರೆ ನೂರು ಮೊಟ್ಟೆಯ ಬೆಳೆಯೂ ಹೋಗಬಹುದು.

ಇಂತಹ ತಪ್ಪಿಗೆ ಇಂಗ್ಲಿಷಿನಲ್ಲಿ 'ಹ್ಯಾಲುಸಿನೇಷನ್' ಎನ್ನುತ್ತಾರೆ, ಅಂದರೆ ಇಲ್ಲದ್ದು ಕಂಡಂತಾಗುವ ಭ್ರಮೆ. ಇದರ ಕ್ರಿಯಾಪದವನ್ನು ಕೇಂಬ್ರಿಜ್ ನಿಘಂಟು 2023ರ ವರ್ಷದ ಪದವಾಗಿ ಆರಿಸಿತು. ಆದರೂ ಹೆಸರು ಒಪ್ಪುವಂತಹದಲ್ಲ. ಜ್ವರದಲ್ಲಿ ಕನವರಿಸುವವನು ಜ್ವರ ಇಳಿದ ಮೇಲೆ ಸರಿಯಾಗುತ್ತಾನೆ. ಯಂತ್ರಕ್ಕೆ ಕಣ್ಣೂ ಇಲ್ಲ, ಜ್ವರವೂ ಇಲ್ಲ. ಅಪಾರ ಬರಹವನ್ನು ಅರೆದು ಕುಡಿದ ಅದು, ಒಂದು ಪದದ ಮುಂದೆ ಯಾವ ಪದ ಬರುವ ಸಂಭವ ಹೆಚ್ಚೆಂದು ಲೆಕ್ಕಹಾಕಿ ಮಾತು ಜೋಡಿಸುತ್ತದೆ. ಸರಿ ಉತ್ತರವೂ ತಪ್ಪು ಉತ್ತರವೂ ಒಂದೇ ಕೂರಿಗೆಯಿಂದ ಬೀಳುವ ಕಾಳುಗಳು. ಜಿಪಿಯು-28 ನಿಜವಾದ ರಾಗಿ ತಳಿ. ಅದೇ ಧಾಟಿಯಲ್ಲಿ ಬೇರೆ ಅಂಕಿ ಸೇರಿಸಿ ಇಲ್ಲದ ತಳಿಯೊಂದನ್ನು ಹೆಸರಿಸುವುದು ಯಂತ್ರಕ್ಕೆ ಕಷ್ಟವಲ್ಲ.

ಅಮೆರಿಕದ ರಾಷ್ಟ್ರೀಯ ಮಾನಕ ಮತ್ತು ತಂತ್ರಜ್ಞಾನ ಸಂಸ್ಥೆ 2024ರಲ್ಲಿ 'ಕಾನ್‌ಫ್ಯಾಬ್ಯುಲೇಷನ್' ಎಂಬ ವೈದ್ಯರ ಪದವನ್ನು ಬಳಸಿತು. ನೆನಪು ಕೆಟ್ಟ ರೋಗಿ, ಮೋಸದ ಉದ್ದೇಶವಿಲ್ಲದೆಯೇ, ಮರೆತ ಜಾಗವನ್ನು ಕಟ್ಟಿದ ಮಾತಿನಿಂದ ತುಂಬುವುದಕ್ಕೆ ಈ ಹೆಸರು. ಇದು ಸ್ವಲ್ಪ ಹತ್ತಿರ. ಅದೇ ವರ್ಷ ಗ್ಲಾಸ್ಗೋ ವಿಶ್ವವಿದ್ಯಾನಿಲಯದ ಮೂವರು ವಿದ್ವಾಂಸರು ಮುಲಾಜಿಲ್ಲದೆ 'ಬುಲ್‌ಶಿಟ್' ಎಂದರು. ನಮ್ಮ ಹಳ್ಳಿಯ 'ಬುರುಡೆ' ಇದಕ್ಕೆ ಸರಿಹೊಂದುತ್ತದೆ. ಸುಳ್ಳು ಹೇಳುವವನಿಗೆ ನಿಜ ಗೊತ್ತಿರುತ್ತದೆ. ಬುರುಡೆ ಬಿಡುವವನಿಗೆ ನಿಜದ ಗೊಡವೆಯೇ ಇಲ್ಲ. ಯಂತ್ರ ಅನೇಕ ಸಲ ಸರಿಯಾಗಿಯೇ ಹೇಳುವುದರಿಂದ ಈ ಹೆಸರು ಕೊಂಚ ಕಠಿಣವೆನಿಸಬಹುದು. ಆದರೆ ಭ್ರಮೆ ಎಂದರೆ ಎಂದೋ ಒಮ್ಮೆ ಬರುವ ಕಾಯಿಲೆ ಎಂದು ಸುಮ್ಮನಾಗುತ್ತೇವೆ, ಬುರುಡೆ ಎಂದರೆ ಇನ್ನೊಬ್ಬರನ್ನು ಕೇಳುತ್ತೇವೆ.

ಓದು ಬಲ್ಲವರೂ ಇದರಲ್ಲಿ ಬಿದ್ದಿದ್ದಾರೆ. ನ್ಯೂಯಾರ್ಕಿನ ವಕೀಲರು 2023ರಲ್ಲಿ ಯಂತ್ರ ಕಟ್ಟಿಕೊಟ್ಟ, ಎಲ್ಲಿಯೂ ಇಲ್ಲದ ತೀರ್ಪುಗಳನ್ನು ನ್ಯಾಯಾಲಯಕ್ಕೆ ಒಪ್ಪಿಸಿ 5000 ಡಾಲರ್ ದಂಡ ತೆತ್ತರು. ಇಲ್ಲದ ತೀರ್ಪುಗಳು ಸೇರಿದ್ದ ಕಾರಣ ಬೆಂಗಳೂರಿನ ಆದಾಯ ತೆರಿಗೆ ಮೇಲ್ಮನವಿ ನ್ಯಾಯಮಂಡಳಿಯೂ 2024ರ ಡಿಸೆಂಬರಿನ ಒಂದು ಆದೇಶವನ್ನು ಹಿಂದಕ್ಕೆ ಪಡೆಯಬೇಕಾಯಿತು.

"ಇದು ಸರಿಯೇ?" ಎಂದು ಅದೇ ಯಂತ್ರವನ್ನು ಮತ್ತೆ ಕೇಳುವುದು ಪರೀಕ್ಷೆಯಲ್ಲ. ಔಷಧಿಯ ಪ್ರಮಾಣ ಮತ್ತು ಕಾಯುವ ದಿನಗಳನ್ನು ಡಬ್ಬಿಯ ಚೀಟಿಯಲ್ಲಿ ನೋಡಬೇಕು. ರೇಷ್ಮೆ ಇಲಾಖೆಯವರನ್ನು, ಮಾಗಡಿ ತಾಲ್ಲೂಕು ಚಂದೂರಾಯನಹಳ್ಳಿಯ ಕೃಷಿ ವಿಜ್ಞಾನ ಕೇಂದ್ರವನ್ನು ಅಥವಾ ಕಿಸಾನ್ ಕರೆ ಕೇಂದ್ರವನ್ನು (1800-180-1551) ವಿಚಾರಿಸಬೇಕು. ಆಮೇಲೂ ಅನುಮಾನ ಉಳಿದರೆ ಒಂದು ಹಿಡಿ ಸೊಪ್ಪನ್ನು ಬೇರೆ ತಟ್ಟೆಯಲ್ಲಿ ನಾಲ್ಕಾರು ಹುಳುಗಳಿಗೆ ಹಾಕಿ ನೋಡಿ, ಅವು ಚೆನ್ನಾಗಿ ಮೇಯ್ದರೆ ಮಾತ್ರ ಉಳಿದ ಹುಳುಗಳಿಗೆ ಕೊಡಬೇಕು.